ಏಳು ತಿಂಗಳ ಕಲ್ಲುಗೆಲಸ

ಮನುಷ್ಯನು ಕಟ್ಟಿದ ವಸ್ತುವನ್ನು ಅದರ ಬಾಳಿಕೆಯಿಂದ ಅಳೆಯುವುದು ಲೋಕದ ವಾಡಿಕೆ. ಸಾವಿರ ವರ್ಷ ನಿಂತ ದೇಗುಲವೆಂದರೆ ಕೈಮುಗಿಯುತ್ತೇವೆ. ಹತ್ತು ವರ್ಷದೊಳಗೆ ಬಿರುಕುಬಿಟ್ಟ ಮನೆಯೆಂದರೆ ಅದನ್ನು ಕಟ್ಟಿದ ಮೇಸ್ತ್ರಿಯನ್ನು ಬಯ್ಯುತ್ತೇವೆ. ಈ ಅಳತೆಗೋಲು ಬಹುಮಟ್ಟಿಗೆ ನ್ಯಾಯವಾದುದೇ. ಆದರೆ ನಮ್ಮ ಕಾಸರಗೋಡು ಸೀಮೆಯ ತೋಡುಗಳಲ್ಲಿ ಮಳೆಗಾಲ ಕಳೆದ ಬಳಿಕ ಪ್ರತಿವರ್ಷವೂ ಏಳುವ ಕಟ್ಟಗಳ ಇದಿರು ನಿಂತಾಗ ಈ ಅಳತೆಗೋಲು ಕೈಯಲ್ಲೇ ಉಳಿಯುತ್ತದೆ, ಅಳೆಯಲು ಬರುವುದಿಲ್ಲ. ವೃಶ್ಚಿಕ ಮಾಸದಲ್ಲಿ ಕಟ್ಟಿದ ಕಟ್ಟವು ಮುಂದಿನ ಮಳೆಗಾಲದ ಮೊದಲ ನೆರೆಗೆ ಹೋಗತಕ್ಕದ್ದು. ಕಟ್ಟುವವರೂ ಕಟ್ಟಿಸುವವರೂ ಅದನ್ನು ಮೊದಲೇ ಬಲ್ಲರು. ಹೆಚ್ಚೆಂದರೆ ಏಳು ತಿಂಗಳ ಆಯುಷ್ಯದ ಈ ಕಲ್ಲುಗೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಬೇಕು? ಆ ಶ್ರದ್ಧೆಯು ಯಾರಿಗೆ ಸಲ್ಲತಕ್ಕ ಋಣ? ಈ ಪ್ರಶ್ನೆಗಳು ಕೇವಲ ತರ್ಕದ ಕಸರತ್ತಲ್ಲ. ಅವುಗಳಿಗೆ ನಾವು ಕೊಡುವ ಉತ್ತರವನ್ನು ಅವಲಂಬಿಸಿ ಚೈತ್ರ-ವೈಶಾಖಗಳಲ್ಲಿ ಕೆಲವು ಮನೆಗಳ ಬಾವಿಯಲ್ಲಿ ನೀರಿರುತ್ತದೆ, ಇಲ್ಲವೆ ಇರುವುದಿಲ್ಲ.

ಕಟ್ಟವನ್ನು ಕಾಣದ ವಾಚಕರೂ ನಮ್ಮ ಪತ್ರಿಕೆಗೆ ಇರುವುದರಿಂದ ಅದರ ರಚನೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗ ಜೂನ್‌ನಿಂದ ಸಪ್ಟೆಂಬರಿನೊಳಗೆ ಸುರಿದು, ಗುಡ್ಡೆಯಿಂದ ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಇಳಿದು ಬೇಗನೆ ಕಡಲನ್ನು ಸೇರುತ್ತದೆ. ಅಡಿಕೆ ತೋಟಕ್ಕಾದರೋ ನೀರು ಬೇಕಾಗುವುದು ದಶಂಬರದಿಂದ ಮೇ ತಿಂಗಳವರೆಗೆ. ನೀರು ಬರುವ ಕಾಲವೊಂದು, ಬೇಕಾಗುವ ಕಾಲ ಇನ್ನೊಂದು. ಈ ಅಂತರವನ್ನು ತುಂಬಲೆಂದೇ ನಮ್ಮ ಹಿರಿಯರು ಮದಕಗಳನ್ನು ತೋಡಿದರು, ಗುಡ್ಡೆಯ ಹೊಟ್ಟೆಯಲ್ಲಿ ಸುರಂಗಗಳನ್ನು ಕೊರೆದರು, ತೋಡಿಗೆ ಅಡ್ಡವಾಗಿ ಕಟ್ಟಗಳನ್ನು ಹಾಕಿದರು. ತೋಡು ಕಿರಿದಾಗಿ ತಳದಲ್ಲಿ ಬಂಡೆ ಸಿಕ್ಕುವ ಜಾಗವನ್ನು ಆರಿಸಿ, ಕಾಡುಕಲ್ಲಿನ ಎರಡು ಗೋಡೆಗಳನ್ನು ಎದುರುಬದುರಾಗಿ ಏರಿಸುತ್ತಾರೆ. ಗಾರೆಯಿಲ್ಲ, ಸಿಮೆಂಟಿಲ್ಲ. ಎರಡು ಗೋಡೆಗಳ ನಡುವೆ ಜಿಗುಟು ಮಣ್ಣನ್ನು ತುಂಬಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು, ಪೆಟ್ಟುಮಣೆಯಿಂದ ಬಡಿಯುತ್ತಾರೆ. ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುವುದರಿಂದ ಬುಡ ಅಗಲವಾಗಿಯೂ ನೆತ್ತಿ ಕಿರಿದಾಗಿಯೂ ಇರಬೇಕು. ನಿಂತ ನೀರು ಮೇಲಿನಿಂದ ಕಾಣುವಷ್ಟು ಮಾತ್ರವೇ ಅಲ್ಲ. ಅದು ಎರಡೂ ದಡಗಳ ಮಣ್ಣಿನೊಳಕ್ಕೆ ಮೆಲ್ಲನೆ ನುಸುಳಿ ಸುತ್ತಣ ಬಾವಿಗಳ ಮಟ್ಟವನ್ನು ಎತ್ತಿಹಿಡಿಯುತ್ತದೆ. ಆದಕಾರಣ ಒಂದು ಕಟ್ಟಕ್ಕಿಂತ ಸಾಲುಕಟ್ಟಗಳು ಮೇಲು. ಏತಡ್ಕದಲ್ಲಿ ಹಾಗೆ ಒಂದರ ಕೆಳಗೊಂದು ಕಟ್ಟಗಳನ್ನು ಹಾಕಿಕೊಂಡು ಬಂದ ಪದ್ಧತಿಯು ನಾಡಿನ ಜಲತಜ್ಞರ ಗಮನವನ್ನು ಸೆಳೆದಿದೆ. ಪೆರ್ಲದ ಕಡೆಯವರೇ ಆದ ಶ್ರೀ ಪಡ್ರೆಯವರು ಇಂತಹ ಜಲಸಂರಕ್ಷಣೆಯ ಬಗೆಗಳನ್ನು ಕುರಿತು ದಶಕಗಳಿಂದ ಬರೆಯುತ್ತ ಬಂದಿದ್ದಾರೆ.

ಇದರಲ್ಲಿ ಕಾಲದ ಜ್ಞಾನವೇ ಅರ್ಧ ವಿದ್ಯೆ. ತುಲಾ ಮಾಸದ ಗುಡುಗುಮಳೆ ಮುಗಿಯುವ ಮೊದಲೇ ಕಟ್ಟಿದರೆ ಒಂದು ರಾತ್ರಿಯ ಮಳೆಗೆ ಎಲ್ಲವೂ ಕೊಚ್ಚಿಹೋದೀತು. ತಡಮಾಡಿದರೆ ಹಿಡಿಯಲು ನೀರೇ ಉಳಿಯದು. ನಡುವೆ ದೊರೆಯುವುದು ಕೆಲವೇ ದಿನ. ಆ ದಿನಗಳಲ್ಲಿ ಬೆಳಗ್ಗೆ ತೋಡಿನ ನೀರು ಮೊಣಕಾಲಿನವರೆಗೂ ಕೊರೆಯುವಷ್ಟು ತಂಪಾಗಿರುತ್ತದೆ.

ಈ ಕೆಲಸ ಮಾಡುವ ತಂಡಗಳು ಕಟ್ಟಕ್ಕೆಂದೇ ಬದುಕುವವಲ್ಲ. ಉಳಿದ ತಿಂಗಳುಗಳಲ್ಲಿ ಅವರು ಪಾಗಾರ ಕಟ್ಟುತ್ತಾರೆ, ಗುಡ್ಡೆಯನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ತೋಟಕ್ಕೆ ಕಲ್ಲಿನ ದರೆ ನಿಲ್ಲಿಸುತ್ತಾರೆ, ಪೇಟೆಯ ಹೊಸ ಮನೆಗಳ ಅಂಗಳಕ್ಕೆ ಕಲ್ಲು ಹಾಸಿ ಹೂದೋಟಕ್ಕೆ ಅಂಚು ಕಟ್ಟುತ್ತಾರೆ. ಆ ಕೆಲಸದ ಮುಖ್ಯ ಸಾಮಗ್ರಿ ನಮ್ಮ ಮುರಕಲ್ಲು. ಕೋರೆಯಲ್ಲಿರುವಾಗ ಕಬ್ಬಿಣದ ಹತ್ಯಾರಿಗೆ ಮಣಿಯುವಷ್ಟು ಮೆದುವಾಗಿದ್ದು, ಗಾಳಿಬಿಸಿಲಿಗೆ ಬಿದ್ದ ಬಳಿಕ ಗಟ್ಟಿಯಾಗುವ ಈ ಕಲ್ಲನ್ನು ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆಯೆಂಬ ಅರ್ಥದ ಲತೀನು ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ನಮ್ಮವರು ಅದಕ್ಕೆ ಜಂಬಿಟ್ಟಿಗೆ ಎಂದೂ ಅನ್ನುತ್ತಾರೆ. ಇಟ್ಟಿಗೆಯ ಮಾತು ಕನ್ನಡದಲ್ಲೂ ಅದಕ್ಕೆ ಅಂಟಿಕೊಂಡಿರುವುದು ಕುತೂಹಲದ ಸಂಗತಿ.

ಮಳೆ ಬಿಟ್ಟೊಡನೆ ಪಾಗಾರದ ಕೆಲಸಕ್ಕೂ ಕಟ್ಟದ ಕೆಲಸಕ್ಕೂ ಒಮ್ಮೆಲೇ ಕರೆ ಬರುತ್ತದೆ. ಇಲ್ಲಿಂದ ನಮ್ಮ ಪ್ರಶ್ನೆ ಗಟ್ಟಿಯಾಗುತ್ತದೆ. ನಾನು ಬಲ್ಲ ಒಬ್ಬ ಮೇಸ್ತ್ರಿಯನ್ನು ಈ ಕುರಿತು ಕೇಳಿದಾಗ ಆತನು, “ಮಾಷ್ಟ್ರೇ, ಪಾಗಾರಕ್ಕೆ ಕೂಲಿ ಹೆಚ್ಚು, ಹೆಸರೂ ಹೆಚ್ಚು. ದಾರಿಯಲ್ಲಿ ಹೋಗುವವರು ಇದನ್ನು ಕಟ್ಟಿದವರು ಯಾರೆಂದು ಕೇಳುತ್ತಾರೆ. ಕಟ್ಟವನ್ನು ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ, ಅದು ಸೋರಿದರೆ ಮಾತ್ರ ಕೇಳುತ್ತಾರೆ” ಎಂದನು. ಆದರೂ ಆತನು ಕಟ್ಟದಲ್ಲಿ ಕಲ್ಲಿಡುವ ರೀತಿಯನ್ನು ನೋಡಿದವರಿಗೆ, ಪಾಗಾರಕ್ಕಿಂತ ಇಲ್ಲಿಯೇ ಆತನ ಕಣ್ಣು ಹೆಚ್ಚು ಕಟುವಾಗಿರುವುದು ತಿಳಿಯುತ್ತದೆ. ಕಲ್ಲಿನ ಉದ್ದವು ಗೋಡೆಯ ಮೈಮೇಲೆ ಕಾಣಿಸಬಾರದು, ಗೋಡೆಯ ಒಳಕ್ಕೆ ಹೋಗಬೇಕು. ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು. ಒಳಗಿನ ಪೊಳ್ಳಿಗೆ ಸಣ್ಣ ಚೂರುಗಳನ್ನು ಎಸೆಯಬಾರದು, ಒಂದೊಂದನ್ನೂ ಕೈಯಿಂದ ಕೂರಿಸಬೇಕು. ಮಣ್ಣಿನಲ್ಲಿ ಎಲೆ, ಬೇರು ಇರಬಾರದು. ಅವು ಕೊಳೆತಾಗ ನೀರಿಗೆ ದಾರಿಯಾಗುತ್ತದೆ. ಏಡಿಯ ಬಿಲಗಳನ್ನು ಹುಡುಕಿ ಮುಚ್ಚಬೇಕು. ಈ ಶ್ರದ್ಧೆಯ ಮುಕ್ಕಾಲು ಪಾಲು ಮಣ್ಣಿನ ಒಳಗೂ ನೀರಿನ ಕೆಳಗೂ ಅಡಗಿಹೋಗುತ್ತದೆ. ಅಡಗದೆ ಉಳಿದದ್ದನ್ನು ಜೂನ್ ತಿಂಗಳು ಒಯ್ಯುತ್ತದೆ.

ಇಂತಹ ಕೆಲಸವನ್ನು ಕಂಡೊಡನೆ ನಮ್ಮ ವಿದ್ಯಾವಂತರಿಗೆ ಎರಡು ಮಾತುಗಳು ನಾಲಗೆಯ ತುದಿಗೆ ಬರುತ್ತವೆ. ಒಂದು ನಿಷ್ಕಾಮಕರ್ಮದ ಮಾತು. ಫಲವನ್ನು ಬಯಸದೆ ಮಾಡುವ ಕರ್ಮಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಈ ಮಾತು ಕೇಳಲು ಚೆನ್ನಾಗಿದ್ದರೂ ತಪ್ಪು. ಕಟ್ಟ ಕಟ್ಟುವವರು ಫಲವನ್ನು ಬಯಸುತ್ತಾರೆ, ಅದೂ ಬಲವಾಗಿ ಬಯಸುತ್ತಾರೆ. ತೋಟದವನಿಗೆ ನೀರು ಬೇಕು, ಕೆಲಸದವನಿಗೆ ಕೂಲಿ ಬೇಕು. ಇವರು ಬಯಸದೆ ಇರುವುದು ವಸ್ತುವಿನ ಬಾಳಿಕೆಯನ್ನೇ ಹೊರತು ಫಲವನ್ನಲ್ಲ. ಫಲವನ್ನು ಬಿಡುವುದು ಬೇರೆ, ಫಲವನ್ನು ಹೊತ್ತುತಂದ ಪಾತ್ರೆಯನ್ನು ಬಿಡುವುದು ಬೇರೆ. ಇವೆರಡನ್ನೂ ಒಂದೇ ಎಂದು ಬೆರೆಸಿದರೆ, ಕೂಲಿ ಹೆಚ್ಚಿಸಿರೆಂದು ಕೇಳುವ ಕೆಲಸಗಾರನಿಗೆ ಗೀತೆಯನ್ನು ಉಪದೇಶಿಸುವ ಅಪಹಾಸ್ಯಕ್ಕೆ ನಾವು ಇಳಿಯುತ್ತೇವೆ. ಇಳಿದವರನ್ನು ಕಂಡೂ ಇದ್ದೇನೆ.

ಇನ್ನೊಂದು ಸ್ಥಾವರ-ಜಂಗಮಗಳ ಮಾತು. ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಭಾವವು ಬಸವಣ್ಣನವರ ಕಾಲದಿಂದ ಕನ್ನಡಿಗನ ರಕ್ತದಲ್ಲಿದೆ. ಆದರೆ ಕಟ್ಟವನ್ನು ಜಂಗಮವೆಂದು ಕೊಂಡಾಡುವ ಮೊದಲು, ಕಟ್ಟದ ಇಡೀ ಪ್ರಯೋಜನವು ನೀರನ್ನು ನಿಲ್ಲಿಸುವುದರಲ್ಲಿದೆ ಎಂಬುದನ್ನು ನೆನೆಯಬೇಕು. ಏಳು ತಿಂಗಳ ಮಟ್ಟಿಗೆ ಅದು ಅಪ್ಪಟ ಸ್ಥಾವರ. ಆ ಅವಧಿಯಲ್ಲಿ ಅದು ಜಂಗಮವಾದರೆ ಕೆಳಗಿನ ತೋಟದವರು ಓಡಿಬರಬೇಕಾಗುತ್ತದೆ. ಒಡೆಯುವುದರಲ್ಲಿಯೇ ಒಂದು ಪಾವಿತ್ರ್ಯವಿದೆಯೆಂದು ಭಾವಿಸುವುದು ದಡದ ಮೇಲೆ ನಿಂತವರ ವೇದಾಂತ.

ಹಾಗಾದರೆ ಈ ಶ್ರಮವು ಗ್ರೀಕರ ಕಥೆಯ ಸಿಸಿಫಸನ ಶ್ರಮದಂತೆಯೆ? ಬೆಟ್ಟಕ್ಕೆ ಹೊತ್ತ ಬಂಡೆ ಮತ್ತೆ ಉರುಳುತ್ತದೆ, ಮತ್ತೆ ಹೊರಬೇಕು. ಫ್ರೆಂಚ್ ಲೇಖಕ ಕಾಮು 1942ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ಬಾಳೇ ಹಾಗೆಂದು ಚಿಂತಿಸಿದನು. ನನಗಾದರೋ ಈ ಹೋಲಿಕೆ ಹೊಂದುವುದಿಲ್ಲವೆಂದೇ ತೋರುತ್ತದೆ. ಸಿಸಿಫಸನ ಬಂಡೆ ಉರುಳಿದಾಗ ಬೆಟ್ಟದ ತುದಿಯಲ್ಲಿ ಏನೂ ಉಳಿಯುವುದಿಲ್ಲ. ಕಟ್ಟ ಒಡೆದಾಗ ಏಳು ತಿಂಗಳ ನೀರು ಆಗಲೇ ಅಡಿಕೆಯ ಗೊನೆಯಾಗಿದೆ, ಬಾವಿಯ ಕೊಡವಾಗಿದೆ, ಹಟ್ಟಿಯ ಹಾಲಾಗಿದೆ. ಅಲ್ಲದೆ ಸಿಸಿಫಸನು ಒಬ್ಬಂಟಿ. ಕಟ್ಟವನ್ನು ಒಬ್ಬಂಟಿಯಾಗಿ ಕಟ್ಟಲು ಬರುವುದಿಲ್ಲ.

ಹೋಲಿಕೆ ಬೇಕಾದರೆ ನಾನು ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗುತ್ತೇನೆ. ಅಲ್ಲಿ ಅಪುರಿಮಾಕ್ ಎಂಬ ನದಿಯ ಕಂದರದ ಮೇಲೆ, ಇಂಕಾ ಜನರ ಕಾಲದಿಂದ ಬಂದ ರೀತಿಯಲ್ಲಿ, ಬೆಟ್ಟದ ಹುಲ್ಲನ್ನು ಹೊಸೆದು ಮಾಡಿದ ಹಗ್ಗಗಳಿಂದ ಕೆಸ್ವಚಾಕ ಎಂಬ ತೂಗುಸೇತುವೆಯನ್ನು ಕಟ್ಟುತ್ತಾರೆ. ಪ್ರತಿವರ್ಷ ಜೂನ್ ತಿಂಗಳಲ್ಲಿ ನೆರೆಯ ನಾಲ್ಕು ಊರಿನವರು ಕೂಡಿ, ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಟ್ಟು, ಹೊಸದನ್ನು ಹೆಣೆಯುತ್ತಾರೆ. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿದ್ದು ಆ ಸೇತುವೆಯನ್ನಲ್ಲ. ಅದನ್ನು ವರ್ಷವರ್ಷವೂ ಹೊಸದಾಗಿ ಕಟ್ಟುವ ವಿದ್ಯೆಯನ್ನೂ ಆಚರಣೆಯನ್ನೂ. ಮಹಾಮಾರಿಯ ದೆಸೆಯಿಂದ ಆ ಕೆಲಸ ನಿಂತುಹೋದಾಗ, 2021ರ ಮಾರ್ಚಿಯಲ್ಲಿ ಸೇತುವೆ ಹರಿದು ಬಿದ್ದಿತು. ಅದೇ ವರ್ಷ ಜೂನಿನಲ್ಲಿ ಆ ಜನರು ಅದನ್ನು ಮತ್ತೆ ಹೆಣೆದರು. ಹಗ್ಗ ಹರಿದಿತ್ತು, ಹೊಸೆಯುವ ಕೈ ಹರಿದಿರಲಿಲ್ಲ. ಗಾರೆಯಿಲ್ಲದ ಕಲ್ಲುಗೋಡೆಯ ವಿದ್ಯೆಯೂ 2018ರಲ್ಲಿ ಯುರೋಪಿನ ಎಂಟು ದೇಶಗಳ ಪರವಾಗಿ ಅದೇ ಪಟ್ಟಿಯನ್ನು ಸೇರಿತು. 2024ರಲ್ಲಿ ಮತ್ತೆ ಐದು ದೇಶಗಳು ಕೂಡಿಕೊಂಡವು. ನಮ್ಮ ತೋಡಿನ ಕಟ್ಟಕ್ಕೆ ಅಂಥ ಮನ್ನಣೆ ಬೇಕೆಂದು ನಾನು ಹೇಳುತ್ತಿಲ್ಲ. ಮನ್ನಣೆಗಿಂತ ಮೊದಲು ಅದಕ್ಕೆ ಜನ ಬೇಕು.

ಇಲ್ಲಿ ಪೂರ್ವಪಕ್ಷದವರು ಕೇಳುವ ಪ್ರಶ್ನೆಯೊಂದಿದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ಪ್ರಾಮಾಣಿಕತೆಯಲ್ಲ. ಕಾಂಕ್ರೀಟಿನ ಅಣೆಕಟ್ಟನ್ನು ಒಮ್ಮೆ ಕಟ್ಟಿಬಿಟ್ಟರೆ ಈ ವರ್ಷವರ್ಷದ ದುಡಿಮೆಯೇ ತಪ್ಪುವುದಲ್ಲ? ಚಳಿಯಲ್ಲಿ ನೀರಲ್ಲಿ ನಿಂತು ಕಲ್ಲೆತ್ತುವ ಮನುಷ್ಯನ ಬೆನ್ನುನೋವಿಗೆ ಪರಂಪರೆಯೆಂದು ಹೆಸರಿಟ್ಟು ಅದನ್ನು ಉಳಿಸಬೇಕೆ? ಪ್ರಶ್ನೆ ನ್ಯಾಯವಾದದ್ದು. ತಳ ಸರಿಯಿರುವಲ್ಲಿ, ಹಣವಿರುವಲ್ಲಿ, ಕಿಂಡಿ ಅಣೆಕಟ್ಟನ್ನು ಕಟ್ಟುವುದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ನೆನಪಿನ ಮೋಹಕ್ಕಾಗಿ ಇನ್ನೊಬ್ಬನ ಬೆನ್ನನ್ನು ಬಾಗಿಸುವ ಹಕ್ಕು ನನಗಿಲ್ಲ. ಆದರೆ ಕಾಂಕ್ರೀಟಿನ ಕಂಬಗಳು ಗಟ್ಟಿಯಾಗಿ ನಿಂತಿದ್ದು, ಸಕಾಲದಲ್ಲಿ ಹಲಗೆ ಇಳಿಸುವವರಿಲ್ಲದೆ ನೀರೆಲ್ಲ ಹರಿದುಹೋಗುವ ಕಿಂಡಿ ಅಣೆಕಟ್ಟುಗಳನ್ನು ನಮ್ಮ ವಾಚಕರೂ ಕಂಡಿರಬೇಕು. ಅಲ್ಲಿ ವಸ್ತುವಿಗೆ ಬಾಳಿಕೆ ಬಂದಿದೆ. ಕೂಡಿ ಬರುವ ಅಭ್ಯಾಸಕ್ಕೆ ಬಾಳಿಕೆ ತಪ್ಪಿದೆ. ವರ್ಷಕ್ಕೊಮ್ಮೆ ಕೂಡಿಬರುವ ಹೊಣೆಯನ್ನು ಕಾಂಕ್ರೀಟು ಹಗುರಮಾಡೀತು, ರದ್ದುಮಾಡಲಾರದು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಟ್ಟಡವಿರುತ್ತದೆ, ಬೆಂಚು ಇರುತ್ತದೆ. ಜೂನ್ ತಿಂಗಳ ಮೊದಲ ವಾರ ಮಕ್ಕಳನ್ನು ಕರೆತರಲು ಮನೆಮನೆಯ ಮೆಟ್ಟಿಲು ಹತ್ತುವುದು ಮಾತ್ರ 1956ರಿಂದ ಈಚೆಗೆ ಯಾವ ವರ್ಷವೂ ತಪ್ಪಿಲ್ಲ.

ಈಗ ಅತ್ಯಂತ ಕಷ್ಟದ ಪ್ರಶ್ನೆಗೆ ಬರುತ್ತೇನೆ. ನಮ್ಮ ಬೈಲಿನ ತೋಡಿನಲ್ಲಿ ಮೇಲಿನ ತೋಟದ ಯಜಮಾನರು ಕೊಳವೆಬಾವಿ ತೋಡಿಸಿದ ಬಳಿಕ ಕಟ್ಟಕ್ಕೆ ತಮ್ಮ ಪಾಲನ್ನು ಕೊಡುವುದನ್ನು ನಿಲ್ಲಿಸಿದರು. ಅವರ ವಾದ ನೇರವಾಗಿದೆ: ನನಗೆ ಈ ನೀರು ಬೇಡ, ಬೇಡವಾದ ಸಾಮಾನಿಗೆ ಬೆಲೆ ಏಕೆ ಕೊಡಲಿ? ಕಾನೂನಿನ ದೃಷ್ಟಿಯಿಂದ ಇದಕ್ಕೆ ಉತ್ತರವಿಲ್ಲ. ಕೆಲವರು, ನಿಮ್ಮ ಕೊಳವೆಬಾವಿಯ ನೀರೂ ಇಂಗಿದ ನೀರೇ ಎಂದು ಅವರೊಡನೆ ವಾದಿಸಿದರು. ಬಂಡೆಯ ಬಿರುಕಿನ ನೀರಿಗೂ ತೋಡಿನ ನೀರಿಗೂ ಎಷ್ಟು ಸಂಬಂಧವೆಂಬುದು ಒಂದೊಂದು ಜಾಗದಲ್ಲಿ ಒಂದೊಂದು ತೆರನಾದ್ದರಿಂದ ನಾನು ಆ ವಾದವನ್ನು ಹೂಡುವುದಿಲ್ಲ. ನನ್ನ ಎಣಿಕೆ ಬೇರೆ. ಅವರ ತೋಟದ ಮರಗಳು ಸಸಿಗಳಾಗಿದ್ದ ಬೇಸಗೆಗಳಲ್ಲಿ ಕೊಳವೆಬಾವಿ ಇರಲಿಲ್ಲ. ಆ ಬೇಸಗೆಗಳಲ್ಲಿ ಅವನ್ನು ಉಳಿಸಿದ ಕಟ್ಟಗಳನ್ನು ಕಟ್ಟಿದವರಲ್ಲಿ ಕೆಳಗಿನ ಐದು ಮನೆಯವರ ಅಜ್ಜಂದಿರೂ ಇದ್ದರು. ಆಗ ಕೆಳಗಿನವರಿಗೆ ಮೇಲಿನ ಕಟ್ಟದಿಂದ ನೇರವಾದ ಲಾಭ ಕಡಮೆಯೇ. ಅವರು ಯಾವ ಲೆಕ್ಕವನ್ನೂ ಬರೆದಿಡಲಿಲ್ಲ. ಬರೆದಿಡದ ಸಾಲವು ಸಾಲವಲ್ಲವೆ? ಸಾಲಪತ್ರದ ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸಬೇಕು. ಈ ಬಗೆಯ ಸಾಲದಲ್ಲಿ ಕೊಟ್ಟವರು ಸತ್ತುಹೋಗಿದ್ದಾರೆ. ಅದನ್ನು ತೀರಿಸುವ ದಾರಿ ಒಂದೇ, ಮುಂದಿನವರಿಗೆ ಕೊಡುವುದು. ಹಾಗೆಂದು ಅವರನ್ನು ಬಲಾತ್ಕರಿಸಬೇಕೆಂದು ನಾನು ಹೇಳೆನು. ಬಲಾತ್ಕಾರದಿಂದ ವಸೂಲಾದ ದಿನ ಅದು ತೆರಿಗೆಯಾಗುತ್ತದೆ, ಋಣವಾಗಿ ಉಳಿಯುವುದಿಲ್ಲ. ಆದರೆ ಅವರು ಮಾಡುತ್ತಿರುವುದು ತಪ್ಪೆಂದು ಹೇಳುವ ಸ್ವಾತಂತ್ರ್ಯವನ್ನಾದರೂ ನಾವು ಇಟ್ಟುಕೊಳ್ಳಬೇಕು. ಈಗೀಗ ‘ಅವರವರ ಇಷ್ಟ’ ಎಂಬ ಮಾತಿನ ಮರೆಯಲ್ಲಿ ಆ ಸ್ವಾತಂತ್ರ್ಯವೂ ಸೋರಿಹೋಗುತ್ತಿದೆ.

ಆದರೆ ಮೇಲಿನ ತೋಟದವರನ್ನು ದೂರುವಾಗ ಕೆಳಗಿನ ನಾವು ನಿರ್ದೋಷಿಗಳೆಂದು ತಿಳಿಯಬಾರದು. ಪಾಗಾರಕ್ಕೆ ಪೇಟೆಯವರು ಕೊಡುವ ಕೂಲಿಯನ್ನು ಕಟ್ಟಕ್ಕೆ ನಾವು ಕೊಡುತ್ತಿರಲಿಲ್ಲ. ಊರಿನ ಕೆಲಸ, ಪುಣ್ಯದ ಕೆಲಸ ಎನ್ನುತ್ತಿದ್ದೆವು. ಪುಣ್ಯವೆಂಬುದು ಎಲ್ಲರ ಪಾಲಿಗೂ ಪುಣ್ಯವಾದರೆ, ಕಲ್ಲು ಹೊರುವವನೊಬ್ಬನೇ ಅದಕ್ಕಾಗಿ ಕೂಲಿಯಲ್ಲಿ ಕಡಿತವನ್ನು ಏಕೆ ಸಹಿಸಬೇಕು? ಹೊಗಳಿಕೆಯನ್ನು ಕೂಲಿಗೆ ಬದಲಾಗಿ ಕೊಡುವುದು ಬಹಳ ಹಳೆಯ ಮೋಸ. ಮೇಸ್ತ್ರಿಯ ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳ ಶುಲ್ಕವನ್ನು ಪುಣ್ಯದಿಂದ ಕಟ್ಟಲು ಬರುವುದಿಲ್ಲ.

ಇದೇ ಗೊಂದಲವು ತಂಡದವರ ವರ್ಷಕ್ಕೊಮ್ಮೆಯ ತಿರುಗಾಟದ ವಿಷಯದಲ್ಲೂ ತಲೆಹಾಕಿತು. ಕಟ್ಟ ಮುಗಿದ ಮರುವಾರ ತೋಟದವರೆಲ್ಲ ಕೂಡಿ ಜೀಪಿನ ಬಾಡಿಗೆಯನ್ನೂ ಊಟದ ವೆಚ್ಚವನ್ನೂ ಕೊಟ್ಟು ತಂಡದವರನ್ನು ಒಂದು ದಿನದ ಪ್ರವಾಸಕ್ಕೆ ಕಳುಹಿಸುವುದು ಹಿಂದಿನಿಂದಲೂ ನಡೆದುಬಂದಿದೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲವೂ ಅದೇ ಆಗಿರುವುದರಿಂದ, ಹಗಲು ಊರು ನೋಡಿ ರಾತ್ರಿ ಎಲ್ಲಾದರೂ ಬಯಲಾಟಕ್ಕೆ ಕುಳಿತು, ಬೆಳಗಿನ ಜಾವಕ್ಕೆ ಮನೆ ಸೇರುವುದು ಪದ್ಧತಿ. ಒಮ್ಮೆ ತೋಟದವರೊಬ್ಬರು, “ನಾವು ದಾನವಾಗಿ ಕೊಡುವುದು ತಾನೆ, ಈ ಸಲ ಬೇಡ” ಎಂದರು. ಅದಕ್ಕೆ ತಂಡದ ಒಬ್ಬ ಹಿರಿಯನು, “ದಾನವಾದರೆ ನಮಗೂ ಬೇಡ. ಕಟ್ಟ ಮುಗಿಯಿತೆಂದು ಹೇಳಿ ಕೆಲಸ ಬಿಡಿಸುವ ಮರ್ಯಾದೆ ಅದು ಎಂದು ನಾವು ತಿಳಿದಿದ್ದೆವು” ಎಂದು ಉತ್ತರಕೊಟ್ಟನು. ಈ ಉತ್ತರದ ತೂಕ ನನಗೆ ಆಮೇಲೆ ಹೆಚ್ಚು ಹೆಚ್ಚು ತಿಳಿಯಿತು. ಕೂಲಿಯು ಗಂಟೆಗೆ ಸಲ್ಲುತ್ತದೆ. ಮುಗಿದ ಕೆಲಸವನ್ನು ಮುಗಿಯಿತೆಂದು ಗುರುತಿಸುವುದು ಯಾವ ಗಂಟೆಯ ಲೆಕ್ಕದಲ್ಲೂ ಬರುವುದಿಲ್ಲ. ಉಳಿಯದ ಕೆಲಸಕ್ಕಂತೂ ಅಂಥ ಒಂದು ಗುರುತು ಇಲ್ಲದಿದ್ದರೆ ಅದು ಮಾಡಿದ್ದೇ ಸುಳ್ಳೆಂಬಂತೆ ಆಗಿಬಿಡುತ್ತದೆ. ಆದುದರಿಂದ ಅದು ಕೂಲಿಯೂ ಅಲ್ಲ, ದಾನವೂ ಅಲ್ಲ. ನಮ್ಮ ಹಿರಿಯರು ಅದಕ್ಕೆ ಹೆಸರಿಡದೆ ನಡೆಸಿಕೊಂಡು ಬಂದದ್ದೇ ಒಳ್ಳೆಯದಾಯಿತು.

ಆ ವರ್ಷ ಪ್ರವಾಸ ತಪ್ಪಲಿಲ್ಲ. ಬೇಕಲ ಕೋಟೆಗೆ ಹೋದರು, ನನ್ನನ್ನೂ ಕರೆದಿದ್ದರು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆಂದು ಹೇಳುವ ಆ ಕೋಟೆ ಸುಮಾರು 40 ಎಕರೆಗಳಲ್ಲಿ ಕಡಲಿಗೆ ಮೈಕೊಟ್ಟು ನಿಂತಿದೆ. ಇತರ ಪ್ರವಾಸಿಗರು ಕಡಲಿನ ಕಡೆಗೆ ನೋಡುತ್ತಿದ್ದರೆ ನಮ್ಮವರು ಕಡಲಿಗೆ ಬೆನ್ನುಹಾಕಿ ಗೋಡೆಯನ್ನು ನೋಡುತ್ತಿದ್ದರು. ಮೂಲೆಯ ಕಲ್ಲುಗಳನ್ನು ತಡವಿದರು. ಮಳೆನೀರು ಇಳಿದ ದಾರಿಯನ್ನು ಕಂಡು, ಇಲ್ಲಿ ತಪ್ಪಿದ್ದಾರೆ, ಅಲ್ಲಿ ಒಳ್ಳೆಯದಾಗಿದೆ ಎಂದು, ಕಟ್ಟಿದವರು ಪಕ್ಕದಲ್ಲೇ ಬೀಡಿ ಸೇದುತ್ತ ಕುಳಿತಿದ್ದಾರೋ ಎಂಬಂತೆ, ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ವಿಮರ್ಶಿಸಿದರು. ತಂಡದ ಹುಡುಗನೊಬ್ಬನು ಮೇಸ್ತ್ರಿಯೊಡನೆ, “ಕಟ್ಟಿದರೆ ಹೀಗೆ ಕಟ್ಟಬೇಕು ಅಣ್ಣ. ನಾವು ಕಟ್ಟಿದ್ದು ಎಲ್ಲಿ ಉಂಟು?” ಎಂದನು. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಇರುವುದು ಹೌದು. ಇದನ್ನು ಯಾವುದಕ್ಕೆ ಕಟ್ಟಿದರೋ ಆ ಕೆಲಸ ಎಲ್ಲಿ ಉಂಟು?” ಎಂದು ಕೇಳಿದನು.

ಶತ್ರುವನ್ನು ತಡೆಯಲೆಂದು ಕಟ್ಟಿದ ಕೋಟೆ ನಿಂತಿದೆ. ತಡೆಯಬೇಕಾದ ಶತ್ರುವೂ ಇಲ್ಲ, ಕಾಯಬೇಕಾದ ರಾಜ್ಯವೂ ಇಲ್ಲ. ಕೆಳದಿಯವರ ಕೈಯಿಂದ ಹೈದರನಿಗೂ ಆಮೇಲೆ ಕುಂಪಣಿಗೂ ಅದು ಹೋಯಿತು. ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಯೋಜನ ತೀರಿ ವಸ್ತು ಉಳಿದ ಬಗೆ ಅದು. ಕಟ್ಟದಲ್ಲಿ ವಸ್ತು ಹೋಗುತ್ತದೆ, ಪ್ರಯೋಜನ ಉಳಿದು ಮುಂದಿನ ವೃಶ್ಚಿಕದಲ್ಲಿ ಮತ್ತೆ ಕರೆಯುತ್ತದೆ. ಕೋಟೆಗಿಂತ ಕಟ್ಟ ದೊಡ್ಡದೆಂದು ಇದರಿಂದ ನಾನು ತೀರ್ಮಾನಿಸುವುದಿಲ್ಲ. ಆ ಸಂಜೆ ಬುರುಜಿನ ಮೇಲೆ ನಿಂತಾಗ ಆ ಹುಡುಗನಿಗೆ ಆದ ಬೆರಗೂ ಒಂದು ಪ್ರಯೋಜನವೇ. ಆದರೆ ಕೆಲಸದ ಯೋಗ್ಯತೆಯನ್ನು ನಿರ್ಣಯಿಸುವಾಗ ಎಷ್ಟು ಕಾಲ ನಿಂತಿತು ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ನಮಗೆ ಬೇಕಲ ಕಾಣಿಸುತ್ತದೆ, ತೋಡು ಕಾಣಿಸುವುದಿಲ್ಲ. ನಿಂತಷ್ಟು ಕಾಲ ಯಾರ ಪಾಲಿಗೆ ನಿಂತಿತು ಎಂದು ಕೇಳಿದರೆ ಎರಡೂ ಕಾಣಿಸುತ್ತವೆ. ಶ್ರದ್ಧೆಯು ವಸ್ತುವಿಗೆ ಸಲ್ಲತಕ್ಕದ್ದೆಂದು ಎಣಿಸಿದರೆ ಒಡೆಯಲಿರುವ ವಸ್ತುವಿಗೆ ಶ್ರದ್ಧೆ ದಂಡವೇ ಸರಿ. ಅದು ಕೆಳಗಿನ ಮನೆಯ ಬಾವಿಕಟ್ಟೆಗೆ ಕೊಡ ಹಿಡಿದು ಬರುವವರಿಗೆ ಸಲ್ಲತಕ್ಕದ್ದಾದರೆ, ಮಣ್ಣಿನೊಳಗೆ ಅಡಗುವ ಚೂರುಕಲ್ಲನ್ನು ಕೈಯಿಂದ ಕೂರಿಸಿದ ಮೇಸ್ತ್ರಿಯ ಲೆಕ್ಕ ಸರಿಯಾಗಿದೆ.

ಈ ಸಲ ಕೆಳಗಿನ ಐದು ಮನೆಯವರು ಕಟ್ಟಕ್ಕೂ ಪಾಗಾರದ ಕೂಲಿಯನ್ನೇ ಕೊಡುವುದೆಂದು ಒಪ್ಪಿಕೊಂಡಿದ್ದಾರೆ. ಒಪ್ಪಿಗೆಗೆ ಮೂರು ಸಂಜೆಯ ಮಾತು ಬೇಕಾಯಿತು. ಮೇಲಿನ ತೋಟದ ಯಜಮಾನರು ಹಣ ಕೊಡಲಿಲ್ಲ. ಆದರೆ ತಮ್ಮ ಗುಡ್ಡೆಯ ಬದಿಯಿಂದ ಜಿಗುಟು ಮಣ್ಣನ್ನು ಬೇಕಾದಷ್ಟು ತೆಗೆದುಕೊಂಡು ಹೋಗಿರೆಂದು ಹೇಳಿಕಳುಹಿಸಿದ್ದಾರೆ. ಮಣ್ಣು ಒಳ್ಳೆಯದಿದೆ, ಬೇರುಗಳು ಮಾತ್ರ ಹೆಚ್ಚು, ಆರಿಸಿ ತೆಗೆಯಲು ಒಂದು ದಿನವಾದರೂ ಬೇಕೆಂದು ಮೇಸ್ತ್ರಿ ಹೇಳುತ್ತಾನೆ.